ಲೌರೆನ್ಸನ ಅವಗುಣಗಳು

೧೪ ಮಾರ್ಚ್ ೧೯೯೫, ಬೆಳಗ್ಗೆ

ಒಂದು ತಟ್ಟೆ ರಸ್ಕ್ ಪೂರ್ತಿ ಕರಕಲಾಯಿತು. ಮಗ ಲೌರೆನ್ಸನ ಫೋನಿನಿಂದ. ಫಿನ್‌ಲ್ಯಾಂಡಿಗೆ ರಾಯಭಾರಿಯಂತೆ! ಹಳೇ ಬಿಳಿಯರ ಸರ್ಕಾರದಲ್ಲಿ ಮಂತ್ರಿಯಾಗಿದ್ದವನು ಹೊಸ ಸರ್ಕಾರಕ್ಕೆ ಯಾಕೆ ಬೇಕೋ. ಭಾನುವಾರ ವಿದೇಶಾಂಗ ಇಲಾಖೆಯ ಶ್ರೀಮತಿ ಮಜೋಲಾ ನಮ್ಮಲ್ಲಿಗೇ ಊಟಕ್ಕೆ ಬರುತ್ತಾರೆ. ವರ ನೋಡಲು ಬಂದ ಹಾಗೆ.

"ಅಮ್ಮ ದಯವಿಟ್ಟು ನಾಲ್ಕು ಒಳ್ಳೇ ಮಾತಾಡ್ಬೇಕು."

"ನಾನು ಯಾವತ್ತಾದ್ರೂ ಸುಳ್ಳು ಹೇಳಿದೀನಾ?"

"ಭಾನುವಾರ ಕುರಿಮಾಂಸ ತಾನೇ?" ಎಂದ.

೧೫ ಮಾರ್ಚ್

ಹೋಗಕೂಡದು. ಮುಂದಿನ ತಿಂಗಳು ಚರ್ಚು ನಡೆಸುವ ಹಿರಿಯರ ಬೆಂಚಿಗೆ ಆಯ್ಕೆ. ಅವನ ಮುತ್ತಾತ, ತಾತ, ಅಪ್ಪ — ಎಲ್ಲ ಕೂತ ಜಾಗ. ಇವನು ಹಿಮದಲ್ಲಿ ನಡುಗುತ್ತಿದ್ದರೆ ಅಲ್ಲಿ ಕೂರುವುದು ಮರೀ ಸ್ನೈಮನ್‌ಳ ಮಗ. ಪ್ರಾರ್ಥನೆಯ ನಡುವೆ ಗೊರಕೆ ಹೊಡೆಯುವವನು!

ಒಳ್ಳೇ ಮಾತಂತೆ. ನಿಜ ಹೇಳಿದರೆ ಸಾಕು, ಕೆಲಸ ಕೆಟ್ಟಿತು.

೧೯ ಮಾರ್ಚ್, ಭಾನುವಾರ ಸಂಜೆ

ಊಟಕ್ಕೆ ಮುಂಚಿನ ಪ್ರಾರ್ಥನೆ ಅತಿಥಿಗೇ ಬಿಟ್ಟೆ, ತಡವರಿಸಲಿ ಎಂದು. ನಮ್ಮ ಆಫ್ರಿಕಾನ್ಸ್ ಭಾಷೆಯಲ್ಲೇ ಮಾಡಿದರು, ಪಾದ್ರಿಗಿಂತ ಉದ್ದ. ಕುರಿಮಾಂಸ ಆರಿತು. ಭಾಷೆಯಲ್ಲಿ ಒಂದು ತಪ್ಪಿಲ್ಲ... ಹುಡುಕಿದೆ.

ಲೌರೆನ್ಸ್ ಕಾಫಿ ತರಲು ಎದ್ದ ತಕ್ಷಣ ಶುರು ಮಾಡಿದೆ.

"ನೋಡಿ, ಇವನಿಗೆ ಸ್ವಂತ ಅಭಿಪ್ರಾಯ ಅನ್ನೋದೇ ಇಲ್ಲ. ಎರಡು ನಾಯಿ ಕಚ್ಚಾಡಿದ್ರೆ ಎರಡರ ಹತ್ರಾನೂ ಕ್ಷಮೆ ಕೇಳ್ತಾನೆ. ಮಂತ್ರಿಯಾಗಿದ್ದಾಗ ಒಂದು ಪ್ರಶ್ನೆಗೂ ಉತ್ತರ ಕೊಟ್ಟಿಲ್ಲ. ಅರ್ಧ ಗಂಟೆ ಮಾತಾಡಿ ಕೂತ್ಕೊಳ್ತಿದ್ದ, ಅಷ್ಟೇ. ಏನು ಬಡಿಸಿದ್ರೂ ಚೆನ್ನಾಗಿದೆ ಅಂತಾನೆ. ಹೆಂಡ್ತಿ ಮಾಡಿದ್ದನ್ನೂ!"

ಶ್ರೀಮತಿ ಮಜೋಲಾ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಟಾನಿ, ಇಂಥವರನ್ನೇ ನಾವು ವರ್ಷದಿಂದ ಹುಡುಕ್ತಾ ಇದೀವಿ."

ನನ್ನನ್ನು ನಮ್ಮ ಭಾಷೆಯಲ್ಲೇ ಟಾನಿ ಎಂದರು. ಸ್ವಂತ ಚಿಕ್ಕಮ್ಮನನ್ನು ಕರೆದ ಹಾಗೆ. ಹಾಳಾದ್ದು — ಇಷ್ಟವಾಯಿತು.

೨೩ ಮಾರ್ಚ್

ಲೌರೆನ್ಸ್ ಬಂದಿದ್ದ.

"ಫಿನ್‌ಲ್ಯಾಂಡೋ, ಹಿರಿಯರ ಬೆಂಚೋ? ಒಂದು ಹೇಳು."

"ಅಮ್ಮ ಹೇಳಿದ್ದು ಸರಿ."

"ಯಾವುದು ಸರಿ?"

"ಅಮ್ಮ ಹೇಳಿದ್ದೆಲ್ಲ."

ಹಣೆಗೆ ಮುತ್ತಿಟ್ಟ. ಹೊರಟ. ಕಾರು ಗೇಟು ದಾಟಿದ ಮೇಲೆ ಹೊಳೆಯಿತು — ಅವನು ಏನೂ ಹೇಳಿಲ್ಲ.

೨ ಏಪ್ರಿಲ್, ಮಧ್ಯಾಹ್ನ

ಪಾದ್ರಿಯ ಫೋನು.

"ಎಂಥ ದೊಡ್ಡ ಮನಸ್ಸು ನಿಮ್ದು! ಫಿನ್‌ಲ್ಯಾಂಡಿಗೆ ಹೊರಟಿರೋ ವಿಷಯ ಹೇಳೋವಾಗ ಲೌರೆನ್ಸ್ ಎಲ್ಲಾ ಹೇಳಿದ್ರು. ಈ ಸಲ ಬೆಂಚು ಸ್ನೈಮನ್ ಮನೆಯವರಿಗೇ ಹೋಗ್ಲಿ ಅಂತ ನೀವೇ ಹಟ ಹಿಡಿದ್ರಂತೆ. ಇವತ್ತು ಸಂಜೆ ಸಭೆ ಮುಂದೇನೆ ನಿಮಗೆ ವಂದನೆ ಹೇಳ್ತೀನಿ."

ಏನೆನ್ನಲಿ? ದೊಡ್ಡ ಮನಸ್ಸು ನನ್ನದಲ್ಲ ಎನ್ನಲೇ?

ವಂದನೆಗಳು ಎಂದೆ. ನಾನು.

ಬಾಗಿಲ ಹತ್ತಿರ ಯಾರೋ. ಪರದೆ ಸರಿಸಿ ನೋಡಿದೆ — ಮರೀ ಸ್ನೈಮನ್. ಕೈಯಲ್ಲಿ ಸಿಹಿ, ಹಾಲಿನ ಟಾರ್ಟ್. ಅಳುತ್ತಿದ್ದಾಳೆ. ಅಪ್ಪಿಕೊಳ್ಳದೆ ಬಿಡುವವಳಲ್ಲ. ಈಗ ಹೋಗಿ, ನಗುತ್ತಾ, ಬಾಗಿಲು ತೆಗೆದು ಅವಳ ಹತ್ತಿರ ನಾಲ್ಕು ಒಳ್ಳೇ ಮಾತಾಡಬೇಕು.