ಎಡಬಾಗಿಲಿನ ಉಬ್ಬು

ಹದಿನಾಲ್ಕು, ಮಂಗಳವಾರ.

ತಲೆಯೆಲ್ಲ ಆ ಎಡಬಾಗಿಲಲ್ಲೇ ಇದೆ. ತೀರಿಕೊಂಡ ಅಣ್ಣನ ಹಳೇ ಸ್ಪೋರ್ಟ್ಸ್ ಕಾರನ್ನು ಮತ್ತೆ ರಸ್ತೆಗಿಳಿಸಲು ಹೊರಟವನು ನಾನು. ಇಂದು ಅಯಸ್ಕಾಂತ ಹಿಡಿದು ಅದರ ಮೈಯೆಲ್ಲ ಸವರಿದೆ. ಎಡಬಾಗಿಲ ಕೆಳಭಾಗದಲ್ಲಿ ಅಂಟಲೇ ಇಲ್ಲ, ಜಾರಿ ಬಿತ್ತು. ತಾನೇ ರಿಪೇರಿ ಮಾಡಿದೆನೆಂದು ಅಣ್ಣ ಊರಿಗೆಲ್ಲ ಡಂಗುರ ಸಾರಿದ ಬಾಗಿಲು! ತಗಡನ್ನು ತುಕ್ಕು ತಿಂದು ಮುಗಿಸಿದೆ, ನಿಂತಿರುವುದು ಬರೀ ಅಣ್ಣ ಮೆತ್ತಿದ ಪುಟ್ಟಿ. ಕತ್ತರಿಸದೆ ಗತಿಯಿಲ್ಲ.

ಅದಕ್ಕೆ ಮುಂಚೆ ರಟ್ಟಿನಲ್ಲಿ ಎರಡೂ ಬಾಗಿಲುಗಳ ಆಕಾರ ತೆಗೆದೆ. ಒಂದನ್ನು ಮಗುಚಿ ಇನ್ನೊಂದರ ಮೇಲಿಟ್ಟರೆ ಕೂಡುವುದಿಲ್ಲ. ಬಲಗಡೆಯದು ಕಂಪನಿ ಮಾಡಿದ ಹಾಗೇ ಇದೆ, ಎಡಗಡೆಯ ಅಣ್ಣನದು ಕಿರುಬೆರಳಷ್ಟು ಉಬ್ಬಿದೆ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲವಲ್ಲ.

ಅತ್ತಿಗೆ ಚಹಾ ತಂದಾಗ ಕೇಳಿದೆ. "ಹೊಸ ತಗಡನ್ನ ಯಾವ ಅಳತೆಗೆ ಬಗ್ಗಿಸ್ಲಿ ಅತ್ತಿಗೆ? ಕಂಪನಿಯದಕ್ಕೋ, ಅಣ್ಣನದಕ್ಕೋ?"

"ನಿಮ್ಮಣ್ಣ ನೆಟ್ಟಗೆ ಮಾಡಿದ್ದು ಏನಿದೆ ಹೇಳಪ್ಪ," ಎಂದು ನಕ್ಕರು. "ಕಂಪನಿಯದಕ್ಕೇ ಮಾಡು."

ಹಾಗೆನ್ನುತ್ತ ಆ ಉಬ್ಬಿನ ಮೇಲಿಟ್ಟ ಕೈಯನ್ನು, ನನ್ನ ಚಹಾ ಮುಗಿಯುವ ತನಕ ತೆಗೆಯಲಿಲ್ಲ.

ಎರಡು ರಟ್ಟುಗಳೂ ಈಗ ಮೇಜಿನ ಮೇಲಿವೆ. ಅತ್ತಿಗೆ ಹೇಳಿದ್ದು ಕೇಳಿಸಿತು, ಆದರೆ ಅರ್ಥವಾಯಿತೋ ಇಲ್ಲವೋ. ನೋಡಿ ನೋಡಿ, ಯಾವುದು ಸೊಟ್ಟ, ಯಾವುದು ನೆಟ್ಟಗೆ ಎಂಬುದೇ ತಿಳಿಯದಾಗಿದೆ. ಕತ್ತರಿಸುವ ಮುಂಚೆ ಒಂದು ಸಲ ಅತ್ತಿಗೆಯನ್ನು ಆ ಬಾಗಿಲ ಪಕ್ಕ ಕೂರಿಸಿ, ಯಾವ ಅಳತೆಗೆ ಎಂದು ಮತ್ತೆ ಕೇಳಬೇಕು.