ಅರಿಯರ್ ಅಂದರೆ

೧೧ ಜುಲೈ ೨೦೨೫, ಶುಕ್ರವಾರ, ಜವಳಗಿರಿ

ತಂಗಿ ಚಂದ್ರಲೇಖಾ ಇನ್ನೂ ಪ್ಲಸ್ ಒನ್, ಅಂದರೆ ಹನ್ನೊಂದನೇ ತರಗತಿ. ಡೆಂಕಣಿಕೋಟೆ ಕಡೆಯ ಕಾಲೇಜೊಂದು ಶನಿವಾರದ ತರಗತಿಗೆ ಇಂಥವರನ್ನೂ ಸೇರಿಸಿಕೊಳ್ಳುತ್ತಿದೆ. ಪದವಿಯ ಒಂದು ಪೇಪರ್ ಈಗಲೇ ಪಾಸು ಮಾಡಿದರೆ ಮುಂದೆ ಆ ಕ್ರೆಡಿಟ್ ಅವಳದೇ. ಅರ್ಜಿಗೆ ನಾಳೆ ಕೊನೆಯ ದಿನ. ವಾರದಿಂದ ಅದು ಅವಳ ಪುಸ್ತಕದೊಳಗೆ ಖಾಲಿಯಾಗಿಯೇ ಇತ್ತು.

ಊಟಕ್ಕೆ ಕೂತಾಗ ಕಾರಣ ಹೊರಬಂತು. "ಫೇಲಾದ್ರೆ? ಕಾಲೇಜು ಸೇರೋಕ್ ಮುಂಚೇನೇ ಅರಿಯರ್ ಬತ್ತದೆ."

ಹೊಸೂರಿನ ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದ ಅಪ್ಪ ಹಿಗ್ಗಿದರು. "ಅರಿಯರ್ಸ್ ಬಂದ್ರೆ ಒಳ್ಳೇದಲ್ವೇನಮ್ಮಿ? ಹೋದ್ ಸಲ ನಂಗೆ ಬಂದಾಗ ಜಿಲೇಬಿ ತಂದಿದ್ನಲ್ಲ!"

ಅವರಿಗೆ ಅದು ಬಾಕಿ ಸಂಬಳ; ನಮಗೆ ಫೇಲಾದ ಪೇಪರ್. ಚಂದ್ರಿ ಬಿಡಿಸಿ ಹೇಳಿದಾಗ ಅಪ್ಪನ ಮುಖ ನೋಡಿ ನಗು ತಡೆಯಲಾಗಲಿಲ್ಲ. ಅವರ ಪಾಲಿಗೆ ನಾನು ಎಂದೂ ಫೇಲಾಗದ ಮಗಳು. ಮೂರು ವರ್ಷ ಬಚ್ಚಿಟ್ಟ ಮಾತು ಆ ನಗುವಿನ ಜೊತೆಯಲ್ಲೇ ಜಾರಿತು: "ನಂಗೂ ಒಂದು ಅರಿಯರ್ ಇತ್ತಪ್ಪ."

"ಯಾವುದ್ರಲ್ಲಕ್ಕಾ?" ಚಂದ್ರಿಯ ಕಣ್ಣು ಅರಳಿತ್ತು.

"ಪರಿಸರ ಅಧ್ಯಯನ."

"ಮನೆ ಹಿಂದಿನ್ ಕಾಡ್ನಾಗೇ ಆನೆ ಮಡಿಕ್ಕೊಂಡು ಪರಿಸರದಾಗೆ ಫೇಲಾದ್ಯಾ!" ಎಂದು ನಕ್ಕ ಅಪ್ಪನಿಗೆ ಸಾರು ನೆತ್ತಿಗೇರಿತು. ನಾನು ಹೆದರಿದ್ದ ಬೈಗುಳ ಬರಲೇ ಇಲ್ಲ.

ಆಮೇಲೇನು ಮಾಡಿದೆ ಎಂದು ಚಂದ್ರಿ ಮೆಲ್ಲಗೆ ಕೇಳಿದಳು. ಇನ್ನೊಮ್ಮೆ ಬರೆದೆ, ಅಷ್ಟೇ, ಎಂದೆ.

ಈಗ ಪಕ್ಕದಲ್ಲೇ ಕೂತು ಅರ್ಜಿ ಬಿಡಿಸಿದ್ದಾಳೆ. ಅವಳಿಗೆ ನನ್ನ ಪೆನ್ನೇ ಬೇಕಂತೆ. ಕೊಡುತ್ತೇನೆ.