ಬಾಯಿ ಮುಚ್ಚಿ ಕೂರುವ ಕೆಲಸ

5 ಜೂನ್ 2006, ಸೋಮವಾರ. ಬೆಳಿಗ್ಗೆ, ಮಾಸ್ತಿ ಬಸ್ಸಿನಲ್ಲಿ

ಇವತ್ತೂ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಪಕ್ಕದಲ್ಲಿ ಮೃದುಲಾ, ರೆಕಾರ್ಡರ್ ಚೀಲ ತಬ್ಬಿಕೊಂಡು ಗಾಢ ನಿದ್ದೆ. ನನ್ನ ಮಗಳ ವಯಸ್ಸು. ನನಗೆ ಬಾಸ್!

ಏನು ಕೆಲಸವೇ ನಿನ್ನದು ಎಂದು ನಿನ್ನೆ ಅಕ್ಕ ಕೇಳಿದಳು. ಸರಿಯಾಗಿ ಹೇಳಲು ಬರಲಿಲ್ಲ. ದನಕ್ಕೆ ಹುಷಾರಿಲ್ಲದಾಗ ಊರವರು ಫೋನ್ ಮಾಡಲು ಒಂದು ಲೈನ್ ಬರುತ್ತಿದೆ. ಎತ್ತುವುದು ಮನುಷ್ಯರಲ್ಲ, ಕಂಪ್ಯೂಟರ್. ಹಸುವಿಗಾದರೆ ಒಂದು ಒತ್ತಿ, ಎಮ್ಮೆಗಾದರೆ ಎರಡು ಒತ್ತಿ... ಕೊನೆಗೆ ಹತ್ತಿರದ ಡಾಕ್ಟರಿಗೆ ಸುದ್ದಿ ಹೋಗುತ್ತದೆ. ಶುರು ಮಾಡುವ ಮೊದಲು ಜನರ ಕೈಗೇ ಫೋನ್ ಕೊಟ್ಟು, ಎಲ್ಲಿ ತಡವರಿಸುತ್ತಾರೆ ಎಂದು ನೋಡಬೇಕು. ಯೂಸಬಿಲಿಟಿ ಟೆಸ್ಟ್ ಎನ್ನುತ್ತಾಳೆ ಮೃದುಲಾ. ಜನರನ್ನು ಒಪ್ಪಿಸಿ ಕರೆತರುವುದು, ಪಕ್ಕದಲ್ಲಿ ಕೂತು ಟೆಸ್ಟ್ ನಡೆಸುವುದು ನಾನು. ಬರೆದುಕೊಳ್ಳುವುದು ಅವಳು.

ಮುಳಬಾಗಿಲು ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ ಎಂದೇ ಆರಿಸಿದರಂತೆ. ಎಕ್ಸ್‌ಚೇಂಜ್ ಆಟೋಮ್ಯಾಟಿಕ್ ಆದ ಮೇಲೆ ಬಿಲ್ ಕೌಂಟರಿನಲ್ಲಿ ಕೂರಿಸಿದರು. ಮನಸ್ಸು ನಿಲ್ಲಲಿಲ್ಲ, ಬಿಟ್ಟೆ. ಈಗ ಯಾರೋ ಹುಡುಕಿಕೊಂಡು ಬಂದು "ಗಂಗರತ್ನಮ್ಮ ಅಂದ್ರೆ ನೀವೇನಾ? ನೀವೇ ಬೇಕಿತ್ತು" ಎಂದರಲ್ಲ... ದೇವರು ದೊಡ್ಡವನು.

ಅದೇ ದಿನ, ಸಂಜೆ

ಎಡವಟ್ಟು ಮಾಡಿದೆ.

ಮೊದಲು ಬಂದವರು ಚನ್ನರಾಯಪ್ಪ. ಟೊಮೇಟೊ ಬೆಳೆಯುತ್ತಾರೆ, ಎರಡು ಸೀಮೆ ಹಸು. ಎಲ್ಲ ಚೆನ್ನಾಗಿಯೇ ಒತ್ತಿದರು. "ಈಗ ಹ್ಯಾಷ್ ಒತ್ತಿ" ಎಂದಿತು ಲೈನ್. ಅಲ್ಲಿ ನಿಂತುಬಿಟ್ಟರು.

"ಹ್ಯಾಷ್ ಅಂದ್ರೆ ಯಾವ್ದಮ್ಮ?"

ನನ್ನ ಬೆರಳು ಆಗಲೇ ಹೋಗಿತ್ತು. "ಇದೇ ನೋಡಿ, ಜರಡಿ ಥರಾ ಇದ್ಯಲ್ಲ."

ಆಮೇಲೆ ಬಂದವರಿಗೂ ಹೀಗೇ. ಎಲ್ಲರೂ ಪಾಸ್. ನಾನೂ ಖುಷಿ. ವಾಪಸ್ ಬಸ್ಸಿನಲ್ಲಿ ಮೃದುಲಾ ನಗುತ್ತಲೇ ಹೇಳಿದಳು: "ಮೇಡಂ, ಇವತ್ತು ನಾವು ಲೈನನ್ನ ಟೆಸ್ಟ್ ಮಾಡ್ಲಿಲ್ಲ, ನಿಮ್ಮನ್ನ ಮಾಡಿದ್ವಿ. ಫಸ್ಟ್ ಕ್ಲಾಸ್." ಸ್ವಲ್ಪ ಹೊತ್ತು ಬಿಟ್ಟು, "ಅವರು ನಿಜವಾಗ್ಲೂ ಫೋನ್ ಮಾಡೋವಾಗ ನೀವು ಪಕ್ಕದಲ್ಲಿ ಇರ್ತೀರಾ?"

ಇರುವುದಿಲ್ಲ. ಗೊತ್ತು. ಆದರೆ ಕೇಳಿದವರಿಗೆ ಹೇಳದೆ ಇರುವುದನ್ನು ಎಲ್ಲಿಂದ ಕಲಿಯಲಿ?

ಒಂದು ವಾಕ್ಯ ಕಲಿಸಿದ್ದಾಳೆ. ಅವರು ಏನು ಕೇಳಿದರೂ ತಿರುಗಿ ಕೇಳಬೇಕಂತೆ: "ನಾನಿಲ್ಲದಿದ್ರೆ ಏನ್ ಮಾಡ್ತಿದ್ರಿ?"

7 ಜೂನ್

ಮನೆಯಲ್ಲಿ ಪ್ರ್ಯಾಕ್ಟೀಸ್. ಇವರು ಊಟಕ್ಕೆ ಕೂತು "ಉಪ್ಪಿನಕಾಯಿ ಎಲ್ಲೇ?" ಎಂದರು.

"ನಾನಿಲ್ಲದಿದ್ರೆ ಏನ್ ಮಾಡ್ತಿದ್ರಿ?"

ತುತ್ತು ಕೈಯಲ್ಲೇ ನಿಂತಿತು. "ಯಾಕೆ, ಎಲ್ಲಿಗ್ ಹೋಗ್ತೀಯ?"

ನಕ್ಕುಬಿಟ್ಟೆ. ಉಪ್ಪಿನಕಾಯಿಯನ್ನೂ ಬಡಿಸಿಬಿಟ್ಟೆ. ಫೇಲ್.

12 ಜೂನ್, ಮಾಲೂರು

ಮಾತಾಡಲಿಲ್ಲ. ಬೆರಳು ತೋರಿಸಲಿಲ್ಲ. ಆದರೆ ಸರಿಯಾದ ನಂಬರ್ ಬಂದಾಗಲೆಲ್ಲ ಕೆಮ್ಮುತ್ತಿದ್ದೆನಂತೆ! ನನಗೇ ಗೊತ್ತಿಲ್ಲ. ಮೃದುಲಾ ಟೇಪ್ ಹಾಕಿ ಕೇಳಿಸಿದಳು. ನಾಚಿಕೆಯಾಯಿತು.

ಈ ಸಲ ಅವಳು ನಗಲಿಲ್ಲ. ಬೈರಕೂರಿನದೇ ಕೊನೆಯ ಟೆಸ್ಟು, ಆಮೇಲೆ ಲೈನ್ ಇದ್ದ ಹಾಗೇ ಶುರು ಮಾಡಿಬಿಡುತ್ತಾರೆ. ಅಲ್ಲೂ ಹೀಗೇ ಆದರೆ ಬೆಂಗಳೂರಿನಿಂದ ಬೇರೆಯವರನ್ನು ಕರೆಸಬೇಕಾಗುತ್ತದೆ ಎಂದಳು. ಗಟ್ಟಿಯಾಗಿ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

14 ಜೂನ್, ಬುಧವಾರ. ಬೈರಕೂರು

ಇದನ್ನು ನಿಧಾನವಾಗಿ ಬರೆಯಬೇಕು.

ಟೆಸ್ಟಿಗೆಂದು ಬಿಟ್ಟುಕೊಟ್ಟ ಕೋದಂಡರಾಮಪ್ಪನವರ ಮನೆಯ ಪಡಸಾಲೆ. ಒಳಗೆಲ್ಲ ಮಾವಿನಹಣ್ಣಿನ ವಾಸನೆ. ಮಧ್ಯಾಹ್ನ ಬಂದವಳು ಶಾಮಲಮ್ಮ, ನಲವತ್ತರ ಆಸುಪಾಸು, ತೋಟದ ಕೂಲಿಗೆ ಹೋಗುತ್ತಾಳೆ, ಒಂದು ಹಸು ಕಟ್ಟಿದ್ದಾಳೆ. ಮನೆಮಾತು ತೆಲುಗು.

ಮೊಬೈಲ್ ಕೊಟ್ಟೆ. ಕಿವಿಗಿಟ್ಟುಕೊಂಡಳು. "ಹಸುವಿಗಾಗಿ ಒಂದನ್ನು ಒತ್ತಿ." ಒಂದು ಎಲ್ಲಿದೆ ನೋಡಲು ಫೋನನ್ನು ಕಿವಿಯಿಂದ ತೆಗೆದಳು. ಹುಡುಕುವಷ್ಟರಲ್ಲಿ ಲೈನ್ ಮುಂದೆ ಹೋಗಿತ್ತು. ಮತ್ತೆ ಕಿವಿಗಿಟ್ಟರೆ, "ಕ್ಷಮಿಸಿ, ನೀವು ಯಾವುದೇ ಆಯ್ಕೆಯನ್ನು ಮಾಡಿಲ್ಲ."

"ತಪ್ಪಾಯ್ತು ತಾಯಿ" ಎಂದಳು ಶಾಮಲಮ್ಮ. ಆ ಯಂತ್ರಕ್ಕೆ.

ಮತ್ತೆ ಅದೇ. ಮತ್ತೆ ಅದೇ. ಮೇಲ್ದುಟಿಯ ಮೇಲೆ ಬೆವರು. ನನ್ನ ಕಡೆ ತಿರುಗಿದಳು. "ಅಮ್ಮಾ, ನೀವೇ ಒಸಿ ಹೇಳ್ಕೊಡಿ. ನಂಗೆ ಓದು ಬರಲ್ಲ."

ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಬೋರ್ಡಿನ ಮುಂದೆ ಕೂತಿದ್ದ ಕಾಲದಲ್ಲಿ ಇಂಥ ದನಿ ಕೇಳಿದರೆ ನಂಬರ್ ನಾನೇ ಹುಡುಕಿ ಕೊಡುತ್ತಿದ್ದೆ.

"ನಾನಿಲ್ಲದಿದ್ರೆ ಏನ್ ಮಾಡ್ತಿದ್ರಿ ಶಾಮಲಮ್ಮ?"

ಫೋನನ್ನು ಚಾಪೆಯ ಮೇಲಿಟ್ಟಳು.

"ಏನ್ ಮಾಡ್ತಿದ್ದೆ? ಹೋದ್ವರ್ಷ ಮಾಡಿದ್ನಲ್ಲ, ಅದೇ. ಹಸು ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದೆ."

ಕರು ಅಡ್ಡ ಸಿಕ್ಕಿಕೊಂಡಿತ್ತಂತೆ. ಗಂಡ ಡಾಕ್ಟರನ್ನು ಹುಡುಕಿಕೊಂಡು ಮುಳಬಾಗಿಲಿಗೆ ಹೋಗಿದ್ದ. ಬರುವಷ್ಟರಲ್ಲಿ ಎರಡೂ ಹೋಗಿದ್ದವು.

"ಈಯಮ್ಮ ಮಾತಾಡ್ತಾಳೆ ಅಷ್ಟೇ" ಎಂದು ಫೋನಿನ ಕಡೆ ಕೈ ತೋರಿಸಿದಳು. "ಚೆವುಲು ಲೇವು. ಕಿವಿ ಇಲ್ಲ. ಅವತ್ತು ನಂಗೆ ಬೇಕಾಗಿದ್ದು ಕಿವಿ ಇರೋರು."

ರೆಕಾರ್ಡರ್ ಆಫ್ ಆದ ಮೇಲೆ ಅವಳ ಕೈ ಹಿಡಿದು ಒಂದೊಂದೇ ಕೀ ತೋರಿಸಿದೆ, ನಮ್ಮ ಮನೆ ನಂಬರನ್ನೂ ಬರೆದುಕೊಟ್ಟೆ. ನಕ್ಕಳು. "ಆಗ್ಲೇ ಹೇಳಿದ್ರೆ ಏನಾಗ್ತಿತ್ತಮ್ಮ? ಕಲ್ಲು ಮನ್ಸು ನಿಮ್ದು." ಹೋಗುವಾಗ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಎರಡು ಹಣ್ಣು ತೆಗೆದು ನನ್ನ ಕೈಗಿಟ್ಟಳು. ಆ ಕಲ್ಲು ಮನಸ್ಸಿನವಳಿಗೇ.

17 ಜೂನ್

ಆಫೀಸಿನಲ್ಲಿ ಮೃದುಲಾಳ ಜೊತೆ ಜಗಳವಾಯಿತಂತೆ. ಲೈನ್ ಸರಿಯಾಗೇ ಇದೆ, ಜನರಿಗೆ ಟ್ರೈನಿಂಗ್ ಕೊಟ್ಟರಾಯಿತು ಎಂದರಂತೆ ಮೇಲಿನವರು. ಇವಳು ಮಾತು ಬೆಳೆಸದೆ ಶಾಮಲಮ್ಮನ ಟೇಪ್ ಹಾಕಿದಳಂತೆ. "ತಪ್ಪಾಯ್ತು ತಾಯಿ" ಬಂದಾಗ ಅವರೇ ಇನ್ನೊಮ್ಮೆ ಹಾಕಿಸಿ ಕೇಳಿದರಂತೆ, ಲೈನ್ ಬದಲಿಸಲು ಒಪ್ಪಿದರಂತೆ.

"ನೀವು ಅವತ್ತು ಸಹಾಯ ಮಾಡಿಬಿಟ್ಟಿದ್ರೆ ಈ ಟೇಪೇ ಇರ್ತಿರ್ಲಿಲ್ಲ ಮೇಡಂ" ಎಂದಳು. ಫೋನ್ ಇಟ್ಟ ಮೇಲೆ ಸ್ವಲ್ಪ ಅತ್ತೆ. ಯಾಕೋ.

21 ಜುಲೈ, ಶುಕ್ರವಾರ. ಶ್ರೀನಿವಾಸಪುರ

ಎಷ್ಟು ದಿನವಾಯಿತು ಬರೆದು. ಓಡಾಟವೇ ಓಡಾಟ.

ಲೈನ್ ಬದಲಾಗಿದೆ. ಈಗ ಆತುರವಿಲ್ಲ, ಕಾಯುತ್ತದೆ. "ಕ್ಷಮಿಸಿ" ಹೋಯಿತು. ಏನೂ ಒತ್ತದೆ ಇದ್ದರೆ ಮನುಷ್ಯರೇ ಎತ್ತುತ್ತಾರೆ. ಎತ್ತುವವಳು ಮೌನಿಕಾ, ಇದೇ ಊರಿನವಳು. ಕನ್ನಡಕ್ಕೆ ಕನ್ನಡ, ತೆಲುಗಿಗೆ ತೆಲುಗು.

ಆ ಸೀಟಿಗೆ ಮೊದಲು ಕೇಳಿದ್ದು ನನ್ನನ್ನೇ. ಹೆಡ್‌ಫೋನ್, ಬೋರ್ಡು, ಹಲೋ... ಎಷ್ಟು ವರ್ಷ ಹಂಬಲಿಸಿದ್ದೆ ಅದಕ್ಕೆ. ಆದರೆ ಬಾಯಿಂದ ಬಂದಿದ್ದು ಬೇಡ ಎಂದು. ಪಕ್ಕದಲ್ಲಿ ಕೂರುವುದೇ ಇರಲಿ, ಮುಂದಿನ ಟೆಸ್ಟಿಗೂ ಕರೆಯಿರಿ ಎಂದೆ. ಇವರಿಗೆ ಹೇಳಿದರೆ, "ನೀನು ಬಾಯಿ ಮುಚ್ಕೊಂಡು ಕೂರೋಕೆ ಸಂಬಳ ಕೊಡ್ತಾರಾ! ನಂಗೆ ಮೊದ್ಲೇ ಗೊತ್ತಿದ್ರೆ ನಾನೇ ಕೊಡ್ತಿದ್ನಲ್ಲೇ" ಎಂದು ನಕ್ಕರು. ನಗಲಿ. ಬೆಳಿಗ್ಗೆ ಟಿಫನ್ ಡಬ್ಬಿಗೆ ಚಿತ್ರಾನ್ನ ತುಂಬಿಕೊಟ್ಟವರೂ ಅವರೇ.

9 ಆಗಸ್ಟ್, ಬುಧವಾರ. ಬೆಳಿಗ್ಗೆ

ಲೈನ್ ಶುರುವಾಗಿ ವಾರವೂ ಆಗಿಲ್ಲ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಫೋನ್ ರಿಂಗ್. ಶಾಮಲಮ್ಮ.

ನಿನ್ನೆ ಅವಳ ಹಸುವಿಗೆ ನೋವು ಬಂತಂತೆ. ಈ ಸಲವೂ ಕಷ್ಟ. ಲೈನಿಗೆ ಫೋನ್ ಮಾಡಿ, ಏನೂ ಒತ್ತದೆ, ಸುಮ್ಮನೆ ಹಿಡಿದುಕೊಂಡು ನಿಂತಳಂತೆ. "ಆ ಹುಡ್ಗಿ ಬಂದು ಚೆಪ್ಪಮ್ಮಾ ಅಂದ್ಲು. ಎಲ್ಲಾ ಹೇಳ್ದೆ." ಡಾಕ್ಟರು ಸ್ಕೂಟರಿನಲ್ಲಿ ಬಂದರಂತೆ, ಬಂದವರೇ ಅಂಗಿ ತೋಳು ಮಡಿಸಿ ಕೆಲಸಕ್ಕಿಳಿದರಂತೆ.

ಆಮೇಲೇನಾಯ್ತು ಎಂದು ಕೇಳಲಿಲ್ಲ. ಅವಳಾಗಿ ಹೇಳಲಿ.

"ಅಮ್ಮಾ... ಉನ್ನಾರಾ?"

"ಇದ್ದೀನಿ ಶಾಮಲಮ್ಮ. ಹೇಳಿ."

ಹೇಳಿದಳು. ಹೆಣ್ಣು ಕರು. ತಾಯಿ ನೆಕ್ಕುತ್ತಲೇ ಇದೆಯಂತೆ. ಎದ್ದಿತಂತೆ, ಬಿತ್ತಂತೆ, ಮತ್ತೆ ಮುಂಗಾಲು ಊರಿ...